‘ಇಂಟರ್‌ನ್ಯಾಷನಲ್’ ಎಂದರೆ ಯಾರು?

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸುಗಳ ಜಾಲತಾಣವನ್ನು ನಮ್ಮ ವಿದ್ಯಾರ್ಥಿಗಳು ಹೇಗೆ ಬಳಸುತ್ತಾರೆಂದು ಪರೀಕ್ಷಿಸುವ ಕೆಲಸ ಸಿಕ್ಕಿದಾಗ, ಅದನ್ನು ಬೆಂಗಳೂರಿನ ಬದಲು ಶಿವಮೊಗ್ಗದ ಸುತ್ತಮುತ್ತಲೇ ಮಾಡುತ್ತೇನೆಂದು ವಿಶ್ವವಿದ್ಯಾಲಯದವರನ್ನು ಒಪ್ಪಿಸಿದೆ. ಕೇಳಿ ತಿಳಿಯಲು ಅಣ್ಣನೋ ಅಕ್ಕನೋ ವಿದೇಶದಲ್ಲಿಲ್ಲದೆ, ಮನೆಯಿಂದ ಮೊದಲ ಬಾರಿಗೆ ಹೊರಟವರಿಗೆ ಆ ಪುಟವೇ ಎಲ್ಲವನ್ನೂ ಹೇಳಬೇಕಾಗುತ್ತದೆ; ಅಂಥವರು ಎಡವಿದ ಜಾಗದಲ್ಲಿ ಪುಟದ ದೋಷ ನಿಚ್ಚಳವಾಗಿ ಕಾಣುತ್ತದೆ.

ಜಾಲತಾಣಗಳು ಬಳಸಲು ಸುಲಭವೇ ಎಂದು ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಸಲಹೆಯಂತೆ, ಒಂದು ಸುತ್ತಿಗೆ ಐದೇ ಜನರನ್ನು ಆರಿಸಿ, ಕಂಡ ದೋಷಗಳನ್ನು ತಿದ್ದಿಸಿ, ಮತ್ತೆ ಬೇರೆ ಐವರನ್ನು ಕೂರಿಸುವ ಕ್ರಮ ಇಟ್ಟುಕೊಂಡೆ. ಈ ಕೋರ್ಸಿಗೆ ನಿಮಗೆ ಅರ್ಹತೆ ಇದೆಯೇ, ಒಟ್ಟು ಎಷ್ಟು ಖರ್ಚಾಗುತ್ತದೆ, ಎಂದಿನೊಳಗೆ ಅರ್ಜಿ ಹಾಕಬೇಕು ಎಂಬುದನ್ನು ಅವರು ಹುಡುಕಬೇಕು, ಹುಡುಕುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಮೊದಲ ವಿದ್ಯಾರ್ಥಿಯೊಂದಿಗೆ ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದು ದೊಡ್ಡ ತಪ್ಪಾಯಿತು. ಅವನು ಪುಟದಲ್ಲಿದ್ದ ಪದಗಳನ್ನೇ ನನಗೆ ತಿರುಗಿ ಒಪ್ಪಿಸಿದ. ಅರ್ಥವಾಗಿತ್ತೋ ಇಲ್ಲವೋ ತಿಳಿಯಲೇ ಇಲ್ಲ. ಅಲ್ಲಿಂದ ಮುಂದೆ ಎಲ್ಲವನ್ನೂ ಕನ್ನಡದಲ್ಲಿ, ಅವರವರ ಮೊಬೈಲಿನಲ್ಲೇ ನಡೆಸಿದೆ.

ತೀರ್ಥಹಳ್ಳಿಯ ಬಿ.ಎಸ್ಸಿ. ಪದವೀಧರೆಯೊಬ್ಬಳು ಅರ್ಹತೆಯ ಸಾಲಿನಲ್ಲಿದ್ದ ‘2:1’ ಎಂಬುದರ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. ಬ್ರಿಟನ್ನಿನ ಆನರ್ಸ್ ಪದವಿಯಲ್ಲಿ ಅದು ಎರಡನೆಯ ದರ್ಜೆಯ ಮೇಲಿನ ಭಾಗ. ಅವಳು ಅದನ್ನು ಅನುಪಾತವೆಂದು ಓದಿ, ‘ಎರಡು ಸೀಟಿಗೆ ಒಬ್ಬರನ್ನ ತಗೋತಾರಾ?’ ಎಂದು ಕೇಳಿದಳು. ಉತ್ತರಿಸದೆ ಸುಮ್ಮನಿರುವುದು ಈ ಕೆಲಸದ ಅತಿ ಕಷ್ಟದ ಭಾಗ. ಭಾರತದ ಅಂಕಗಳಲ್ಲಿ ಅದು ಎಷ್ಟಕ್ಕೆ ಸಮವೆಂದು ವಿವರಿಸುವ ಪುಟ ಮೇಲಿನ ಮೆನುವಿನ ‘ಇಂಟರ್‌ನ್ಯಾಷನಲ್’ ಕೊಂಡಿಯೊಳಗಿತ್ತು, ಆದರೆ ಅವಳು ಮೂರು ಸಲ ಅದನ್ನು ದಾಟಿಹೋದಳು. ಕೊನೆಗೆ ಕಾರಣ ಕೇಳಿದೆ. ‘ಅದು ಫಾರಿನ್‌ನವರಿಗಲ್ವಾ ಸರ್?’ ಎಂದಳು. ತೀರ್ಥಹಳ್ಳಿಯಲ್ಲಿ ಕುಳಿತವಳಿಗೆ ತಾನು ವಿದೇಶಿ ಎನಿಸುವುದಾದರೂ ಹೇಗೆ? ಶುಲ್ಕದ ಪಟ್ಟಿಯಲ್ಲಿ ಬ್ರಿಟನ್ನಿನವರಿಗೆಂದೇ ಇದ್ದ ‘ಹೋಮ್’ ದರವನ್ನೂ ಅವಳು ಹಾಸ್ಟೆಲ್ ಬೇಡದೆ ಮನೆಯಿಂದ ಓಡಾಡುವವರ ದರವೆಂದೇ ತಿಳಿದಿದ್ದಳು. ಹೆಸರುಗಳನ್ನೆಲ್ಲ ವಿಶ್ವವಿದ್ಯಾಲಯ ತಾನಿರುವ ಜಾಗದಿಂದ ನೋಡಿ ಇಟ್ಟಿತ್ತು.

ಸಾಗರದ ಬಳಿಯ ಮನೆಯಲ್ಲಿ ಹುಡುಗನ ಪಕ್ಕಕ್ಕೆ ಅವನ ತಂದೆಯೂ ಬಂದು ಕುಳಿತರು. ಪರೀಕ್ಷೆಯ ನಿಯಮದ ಪ್ರಕಾರ ಅವರನ್ನು ಆಚೆ ಕಳಿಸಬೇಕಿತ್ತು. ದುಡ್ಡು ಹೊಂದಿಸುವವರು ಅವರೇ ಆದ್ದರಿಂದ ಇರಲಿ ಎಂದೆ. ‘ಎಲ್ಲ ಸೇರಿ ಕೈಯಿಂದ ಎಷ್ಟು ಹೋಗುತ್ತೆ, ಅಷ್ಟು ಹೇಳು’ ಎಂದರು. ಬೋಧನಾ ಶುಲ್ಕ ಒಂದು ಪುಟದಲ್ಲಿ, ವಸತಿ ಮತ್ತು ಊಟದ ಖರ್ಚು ಇನ್ನೊಂದರಲ್ಲಿ, ವೀಸಾ ಹಾಗೂ ಆರೋಗ್ಯ ಶುಲ್ಕದ ಮಾತು ಮತ್ತೊಂದರಲ್ಲಿ. ಹುಡುಗ ಓದುತ್ತಾ ಹೋದ ಹಾಗೆ ಅವರು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೌಂಡು ಒಂದು ಕಡೆ, ರೂಪಾಯಿ ಒಂದು ಕಡೆ ಬರೆದು, ಅಡಿಗೆರೆ ಎಳೆದು ಕೂಡಿಸಿದರು. ಅನುಮತಿ ಪಡೆದು ಆ ಹಾಳೆಯ ಫೋಟೋ ತೆಗೆದುಕೊಂಡೆ. ನನ್ನ ವರದಿಯ ಮೊದಲ ಪುಟದಲ್ಲಿ ಅದನ್ನೇ ಹಾಕಿದೆ.

ಎರಡನೆಯ ಸುತ್ತಿನ ಹೊತ್ತಿಗೆ ಅರ್ಹತೆಯ ಸಾಲಿನ ಕೆಳಗೇ ‘ನೀವು ಭಾರತದಲ್ಲಿ ಪದವಿ ಓದಿದವರೇ?’ ಎಂಬ ಕೊಂಡಿ ಬಂದಿತ್ತು, ಖರ್ಚುಗಳೆಲ್ಲ ಒಂದೇ ಕೋಷ್ಟಕಕ್ಕೆ ಸೇರಿದ್ದವು. ಆ ಕೊಂಡಿಯನ್ನು ಯಾರೂ ದಾಟಿಹೋಗಲಿಲ್ಲ. ಅರ್ಜಿಯ ಕೊನೆಯ ದಿನದ ‘ಮಧ್ಯರಾತ್ರಿ’ ಯಾವ ದೇಶದ್ದು ಎಂದು ಮಾತ್ರ ಒಬ್ಬ ಹುಡುಗ ಕೇಳಿದ. ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಮೂರನೆಯ ಸುತ್ತಿನ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದುಕೊಂಡಿದ್ದೇನೆ.