ಉಲ್ಕಾಶಿಲೆ ಎಂಬ ಅನುಮಾನವಿರುವ ಕಲ್ಲನ್ನು ವೈಜ್ಞಾನಿಕ ಪರೀಕ್ಷೆಗೆ ಒಪ್ಪಿಸುವ ಬಗೆ

ಕೈಗೆ ಸಿಕ್ಕ ಕಲ್ಲು ತನ್ನ ಗಾತ್ರಕ್ಕೆ ಮೀರಿ ಭಾರವಾಗಿದ್ದು, ಮೈಯೆಲ್ಲ ಕಪ್ಪಾಗಿ, ಸುತ್ತಲಿನ ಯಾವ ಕಲ್ಲನ್ನೂ ಹೋಲದೆ ಇದ್ದರೆ, ಇದು ಆಕಾಶದಿಂದ ಬಿದ್ದದ್ದಿರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಗೆ ಕೊನೆಯ ಉತ್ತರ ಹೇಳಬೇಕಾದದ್ದು ಪ್ರಯೋಗಾಲಯ. ಆದರೆ ಉತ್ತರ ಹೇಳಲು ಸಾಧ್ಯವಾಗುವ ಸ್ಥಿತಿಯಲ್ಲಿ ಕಲ್ಲನ್ನೂ ಅದರ ವಿವರಗಳನ್ನೂ ಒದಗಿಸುವ ಹೊಣೆ ಕಲ್ಲು ಸಿಕ್ಕವರದು. ಹವ್ಯಾಸಿಗಳು ಎಡವುವುದು ಬಹುಮಟ್ಟಿಗೆ ಈ ಎರಡನೆಯ ಕೆಲಸದಲ್ಲಿಯೇ.

ಮೊದಲ ಕೆಲಸ ಕಲ್ಲನ್ನು ಎತ್ತಿಕೊಳ್ಳುವುದಲ್ಲ, ಅದು ಬಿದ್ದಿರುವಂತೆಯೇ ಅದರ ಚಿತ್ರ ತೆಗೆಯುವುದು. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು, ನೆಲದ ಮೇಲೆ ಗುಂಡಿಯಾಗಿದೆಯೇ, ಹುಲ್ಲು ಒತ್ತಿಹೋಗಿದೆಯೇ, ಅರ್ಧ ಹೂತಿದೆಯೇ ಎಂಬುದು ಕಾಣುವಂತೆ ಹಲವು ಕೋನಗಳಿಂದ ತೆಗೆಯಿರಿ. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶಗಳನ್ನೂ ದಿನಾಂಕವನ್ನೂ ಅಲ್ಲಿಯೇ ಬರೆದುಕೊಳ್ಳಿ. ಸ್ಥಳದ ದಾಖಲೆ ಅರ್ಧ ಸಾಕ್ಷ್ಯವಿದ್ದಂತೆ. 1803ರಲ್ಲಿ ಫ್ರಾನ್ಸಿನ ಲೇಗಲ್ ಪಟ್ಟಣದ ಸುತ್ತ ಕಲ್ಲುಗಳ ಮಳೆಯಾದಾಗ ವಿಜ್ಞಾನಿ ಬಿಯೊ ಅಲ್ಲಿಗೆ ಹೋಗಿ, ಯಾರು ಏನು ಕಂಡರು, ಕಲ್ಲುಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದನ್ನು ಊರೂರು ತಿರುಗಿ ಸಂಗ್ರಹಿಸಿದರು. ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ಪಂಡಿತರು ಒಪ್ಪುವಂತೆ ಮಾಡಿದ್ದು ಕಲ್ಲುಗಳ ಜೊತೆಗಿದ್ದ ಆ ವಿವರಗಳು. ಜಮೀನು ಬೇರೆಯವರದಾಗಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಉಲ್ಕಾಶಿಲೆ ಸಿಕ್ಕವರದೋ, ಭೂಮಾಲೀಕರದೋ, ಸರ್ಕಾರದ್ದೋ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಪರೀಕ್ಷೆಗೆ ಕೊಡುವ ಮೊದಲೇ ಅದನ್ನು ತಿಳಿದುಕೊಂಡಿರಬೇಕು.

ಕಲ್ಲನ್ನು ತೊಳೆಯಬೇಡಿ, ಉಜ್ಜಬೇಡಿ, ಎಣ್ಣೆ ಸವರಬೇಡಿ. ಶುಭ್ರವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಒಣಗಿದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಏಕೆಂದರೆ ಒಳಗಿನ ಲೋಹಕ್ಕೆ ತೇವವೇ ದೊಡ್ಡ ಶತ್ರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ: ಬಲವಾದ ಅಯಸ್ಕಾಂತವನ್ನು ಕಲ್ಲಿನ ಹತ್ತಿರಕ್ಕೂ ತರಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಕೆಲವು ಉಲ್ಕಾಶಿಲೆಗಳು ತಾವು ಹುಟ್ಟಿದ ಲೋಕದ ಪ್ರಾಚೀನ ಕಾಂತಕ್ಷೇತ್ರದ ಗುರುತನ್ನು ಕೋಟ್ಯಂತರ ವರ್ಷಗಳಿಂದ ಉಳಿಸಿಕೊಂಡಿರುತ್ತವೆ, ಕೈಗೆ ಸಿಗುವ ಚಿಕ್ಕ ನಿಯೋಡೈಮಿಯಂ ಅಯಸ್ಕಾಂತ ಅದನ್ನು ಕ್ಷಣದಲ್ಲಿ ಅಳಿಸಿಬಿಡುತ್ತದೆ. ಮಂಗಳ ಗ್ರಹದಿಂದ ಬಂದ, 'ನಾರ್ತ್‌ವೆಸ್ಟ್ ಆಫ್ರಿಕಾ 7034' ಎಂಬ ಹೆಸರಿನ ಅಪರೂಪದ ಶಿಲೆಯ ತುಣುಕುಗಳಿಗೆ ಆದದ್ದು ಇದೇ. ಕಬ್ಬಿಣದ ಅಂಶವಿದೆಯೇ ಎಂದು ನೋಡಲೇಬೇಕೆನಿಸಿದರೆ ದಿಕ್ಸೂಚಿಯ ಪಕ್ಕದಲ್ಲಿ ಕಲ್ಲನ್ನು ನಿಧಾನವಾಗಿ ಸರಿಸಿ, ಮುಳ್ಳು ಅಲುಗುತ್ತದೆಯೇ ಎಂದು ಗಮನಿಸಿದರೆ ಸಾಕು. ಅಲುಗಿದರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಮ್ಯಾಗ್ನಟೈಟ್ ಅದಿರೂ ಕುಲುಮೆಯ ಕಿಟ್ಟವೂ ಮುಳ್ಳನ್ನು ಅಲುಗಿಸುತ್ತವೆ.

ಇನ್ನು ಕಣ್ಣಿನ ಪರೀಕ್ಷೆ. ಹೊಸದಾಗಿ ಬಿದ್ದ ಉಲ್ಕಾಶಿಲೆಯ ಹೊರಮೈ ವಾತಾವರಣದಲ್ಲಿ ಕರಗಿ ಗಟ್ಟಿಯಾದ ತೆಳುವಾದ ಕಪ್ಪು ಪದರವಾಗಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು, ಅದರ ಕೆಳಗಿನ ಒಳಮೈ ಹೆಚ್ಚಾಗಿ ತಿಳಿ ಬೂದು. ಕಪ್ಪು ಬಣ್ಣ ಒಳಗಿನವರೆಗೂ ಒಂದೇ ಸಮನಾಗಿದ್ದರೆ ಅನುಮಾನಪಡಬೇಕು. ಮೈತುಂಬ ಗುಳ್ಳೆಗಳಂತಹ ರಂಧ್ರಗಳಿದ್ದರೆ ಅದು ಬಹುತೇಕ ಕಿಟ್ಟ ಅಥವಾ ಜ್ವಾಲಾಮುಖಿಯ ಕಲ್ಲು. ಬಿಳಿಯ ಬೆಣಚುಕಲ್ಲಿನ ಹರಳುಗಳು ಕಂಡರೆ ಅಲ್ಲಿಗೇ ಮುಗಿಯಿತೆನ್ನಬಹುದು. ಹೊಳಪು ಲೇಪಿಸದ ಪಿಂಗಾಣಿ ಬಿಲ್ಲೆಯ ಹಿಂಬದಿಗೆ ಕಲ್ಲಿನ ಮೂಲೆಯನ್ನು ಎಳೆದಾಗ ಕೆಂಗಂದು ಗೆರೆ ಬಿದ್ದರೆ ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು, ಕಡುಕಪ್ಪು ಗೆರೆ ಬಿದ್ದರೆ ಮ್ಯಾಗ್ನಟೈಟ್ ಆಗಿರುವ ಸಂಭವ ಹೆಚ್ಚು. ಹಳತಾಗದ ಉಲ್ಕಾಶಿಲೆ ಗೆರೆಯನ್ನೇ ಬಿಡುವುದಿಲ್ಲ, ಬಿಟ್ಟರೂ ಮಾಸಲು ಬೂದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಸಾಂದ್ರತೆಯ ಅಳತೆಯನ್ನು. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಕಲ್ಲನ್ನು ತೂಗಿ. ಅದು 412 ಗ್ರಾಂ ಬಂದಿತೆನ್ನೋಣ. ಆಮೇಲೆ ನೀರು ತುಂಬಿದ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಕೈ ಸ್ಥಿರವಾಗಿದ್ದರೆ ತಕ್ಕಡಿಯ ಅಂಕಿ ಒಂದೆಡೆ ನಿಲ್ಲುತ್ತದೆ. ಅದು 121 ಎಂದು ತೋರಿಸಿದರೆ ಕಲ್ಲಿನ ಗಾತ್ರ 121 ಘನ ಸೆಂಟಿಮೀಟರ್, 412ನ್ನು 121ರಿಂದ ಭಾಗಿಸಿದಾಗ ಬರುವ 3.4 ಅದರ ಸಾಂದ್ರತೆ. ಗ್ರಾನೈಟ್ 2.7ರ ಸುತ್ತ, ಬಸಾಲ್ಟ್ 3ರ ಸುತ್ತ, ಕಬ್ಬಿಣದ ಅದಿರುಗಳು 5ರ ಸುತ್ತ ಇರುತ್ತವೆ. ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲಾದ ಸಾಧಾರಣ ಕಾಂಡ್ರೈಟ್‌ಗಳು, ಅಂದರೆ ಒಳಗೆ ಚಿಕ್ಕ ದುಂಡು ಕಣಗಳಿರುವ ಕಲ್ಲಿನ ಉಲ್ಕಾಶಿಲೆಗಳು, ಹೆಚ್ಚಾಗಿ 3.2ರಿಂದ 3.7ರ ನಡುವೆ, ಕಬ್ಬಿಣದ ಉಲ್ಕಾಶಿಲೆಗಳು 8ರ ಸಮೀಪ. ಬಹುಕಾಲ ಮಳೆಬಿಸಿಲಿನಲ್ಲಿ ಬಿದ್ದಿದ್ದ ಕಲ್ಲಿಗೆ ಮಾತ್ರ ಈ ಪರೀಕ್ಷೆ ಮಾಡಿ, ಆಮೇಲೆ ಚೆನ್ನಾಗಿ ಒಣಗಿಸಿ. ಈಚೆಗೆ ಬಿದ್ದದ್ದೆಂಬ ಶಂಕೆಯಿದ್ದರೆ ನೀರು ಸೋಕಿಸಲೇಬಾರದು.

ಒಳಮೈ ನೋಡುವ ಆಸೆಗೆ ಸುತ್ತಿಗೆ ಹಿಡಿಯುವವರು ಬಹಳ. ಆಸ್ಟ್ರೇಲಿಯಾದ ಮೇರಿಬರೋ ಬಳಿ 2015ರಲ್ಲಿ 17 ಕಿಲೋ ತೂಕದ ಕಲ್ಲು ಸಿಕ್ಕ ವ್ಯಕ್ತಿಯೊಬ್ಬರು ಒಳಗೆ ಚಿನ್ನವಿದೆಯೆಂದು ನಂಬಿ, ಗರಗಸ, ಡ್ರಿಲ್, ಆಮ್ಲ, ಸುತ್ತಿಗೆ ಎಲ್ಲವನ್ನೂ ಪ್ರಯೋಗಿಸಿ ಸೋತು, ಕೆಲವು ವರ್ಷಗಳ ನಂತರ ಅದನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದಾಗ ಅದು ಕಬ್ಬಿಣ ಹೆಚ್ಚಿರುವ ಎಚ್5 ಬಗೆಯ ಕಾಂಡ್ರೈಟ್ ಎಂದು ಗೊತ್ತಾಯಿತು. ಆ ಕಲ್ಲು ಗಟ್ಟಿಯಾಗಿತ್ತು, ಉಳಿಯಿತು. ಇದ್ದಿಲಿನಂತೆ ಪುಡಿಯಾಗುವ ಇಂಗಾಲಯುಕ್ತ ಶಿಲೆಯಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ. ಈಗಾಗಲೇ ಒಡೆದಿರುವ ಮೂಲೆಯಿದ್ದರೆ ಅದನ್ನು ಭೂತಗನ್ನಡಿಯಲ್ಲಿ ನೋಡಿ. ಬೂದು ಹಿನ್ನೆಲೆಯಲ್ಲಿ ಉಪ್ಪಿನ ಕಣದಷ್ಟು ಚಿಕ್ಕ ಲೋಹದ ಚುಕ್ಕೆಗಳು ಬೆಳ್ಳಗೆ ಮಿನುಗಿದರೆ, ಅವುಗಳ ನಡುವೆ ಸಾಸಿವೆ ಕಾಳಿನಂತಹ ದುಂಡು ಕಣಗಳು, ಅಂದರೆ ಕಾಂಡ್ರೂಲ್‌ಗಳು ಕಂಡರೆ, ಕಲ್ಲನ್ನು ಕೆಳಗಿಟ್ಟು ತಜ್ಞರಿಗೆ ಬರೆಯುವ ಹೊತ್ತು ಬಂದಿದೆ.

ಬರೆಯುವುದು ಯಾರಿಗೆ? ಉಲ್ಕಾಶಿಲೆಗಳ ಸಂಗ್ರಹವಿರುವ ಪ್ರಕೃತಿ ವಸ್ತುಸಂಗ್ರಹಾಲಯ, ಗ್ರಹವಿಜ್ಞಾನದ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯದ ವಿಭಾಗ, ಅಥವಾ ದೇಶದ ಭೂವೈಜ್ಞಾನಿಕ ಸಂಸ್ಥೆಗೆ. ಕಲ್ಲನ್ನು ಅಂಚೆಯಲ್ಲಿ ಮೊದಲೇ ಕಳುಹಿಸಬೇಡಿ. ಅವರ ಬಳಿಗೆ ಬರುವ ಕಲ್ಲುಗಳಲ್ಲಿ ಬಹುತೇಕ ಎಲ್ಲವೂ ಭೂಮಿಯವೇ ಆಗಿರುವುದರಿಂದ, ಪತ್ರವನ್ನು ಓದುವವರು ನಿಮ್ಮ ಕಲ್ಲಿಗೆ ಕೊಡುವ ಕಾಲ ಐದು ನಿಮಿಷ. ಅಷ್ಟರಲ್ಲಿ ಅವರು ಹೌದು ಅಥವಾ ಅಲ್ಲ ಎನ್ನುವಂತಿರಬೇಕು ನಿಮ್ಮ ಬರಹ. ಮೋಡದ ಬೆಳಕಿನಲ್ಲಿ ತೆಗೆದ, ಅಳತೆಪಟ್ಟಿ ಕಾಣುವ, ಆರು ಮಗ್ಗುಲುಗಳ ಸ್ಪಷ್ಟ ಚಿತ್ರಗಳು ಮತ್ತು ಒಡೆದ ಮುಖದ ಒಂದು ಸಮೀಪಚಿತ್ರ ಸಾಕು. ಪತ್ರ ಒಂದು ಪುಟ ಮೀರದಿರಲಿ: "ಇಂತಹ ದಿನ, ಇಂತಹ ಸ್ಥಳದಲ್ಲಿ ಈ ಕಲ್ಲು ಸಿಕ್ಕಿತು. ಬೀಳುವುದನ್ನು ಯಾರೂ ಕಂಡಿಲ್ಲ. ತೂಕ 412 ಗ್ರಾಂ, ಸಾಂದ್ರತೆ 3.4, ಪಿಂಗಾಣಿಯ ಮೇಲೆ ಗೆರೆ ಬೀಳುವುದಿಲ್ಲ, ದಿಕ್ಸೂಚಿಯ ಮುಳ್ಳು ಅಲುಗುತ್ತದೆ, ಬಲವಾದ ಅಯಸ್ಕಾಂತ ಮುಟ್ಟಿಸಿಲ್ಲ. ಚಿತ್ರಗಳನ್ನು ನೋಡಿ, ಇದನ್ನು ಪ್ರತ್ಯಕ್ಷ ಪರಿಶೀಲಿಸುವುದು ಅಗತ್ಯವೇ ಎಂದು ತಿಳಿಸಬೇಕೆಂದು ವಿನಂತಿ." ಇದರ ಬೆಲೆಯೆಷ್ಟು ಎಂದು ಮಾತ್ರ ಕೇಳಬೇಡಿ, ಮೌಲ್ಯ ಕಟ್ಟುವುದು ಅವರ ಕೆಲಸವಲ್ಲ, ಆ ಒಂದು ಪ್ರಶ್ನೆಯಿಂದ ಪತ್ರ ಬದಿಗೆ ಸರಿಯಬಹುದು. ಬೇರೊಬ್ಬ ತಜ್ಞರು ಈಗಾಗಲೇ ಅಲ್ಲವೆಂದಿದ್ದರೆ ಅದನ್ನೂ ಮರೆಮಾಚದೆ ಬರೆಯಿರಿ.

ಹಣ ಕೊಟ್ಟು ಲೋಹಪರೀಕ್ಷೆಯ ಖಾಸಗಿ ಪ್ರಯೋಗಾಲಯದಿಂದ ವರದಿ ಮಾಡಿಸಿಕೊಳ್ಳುವ ದಾರಿಯೂ ಇದೆ, ಆದರೆ ಅಂತಹ ವರದಿ ಕಲ್ಲಿನಲ್ಲಿ ಏನಿದೆ ಎಂದು ಹೇಳುತ್ತದೆಯೇ ಹೊರತು ಎಲ್ಲಿಂದ ಬಂತೆಂದಲ್ಲ. ಕಬ್ಬಿಣದ ಪ್ರಮಾಣ ನೋಡಿ ಹಿಗ್ಗಬೇಡಿ, ನಿಕಲ್ ನೋಡಿ. ಸಾಧಾರಣ ಕಾಂಡ್ರೈಟ್‌ನಲ್ಲಿ ನಿಕಲ್ ಶೇಕಡಾ 1ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು, ಭೂಮಿಯ ಸಾಮಾನ್ಯ ಶಿಲೆಗಳಲ್ಲಿ ಅದು ಬಹಳ ಕಡಿಮೆ. ಕಬ್ಬಿಣದ ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಶೇಕಡಾ 5ಕ್ಕಿಂತ ಹೆಚ್ಚು. ನಿಕಲ್‌ನ ಜೊತೆಗೆ ಕ್ರೋಮಿಯಂ ಕೂಡ ಧಾರಾಳವಾಗಿ ಕಂಡರೆ ಅದು ತುಕ್ಕು ಹಿಡಿಯದ ಉಕ್ಕಿನ ತುಂಡು.

ತಜ್ಞರು ಕಲ್ಲನ್ನು ಕೇಳಿದಾಗ ಅವರು ಅದರಿಂದ ಚಿಕ್ಕ ಹೋಳು ಕತ್ತರಿಸಿ, ಬೆಳಕು ತೂರಿಹೋಗುವಷ್ಟು ತೆಳುವಾಗಿ, ಅಂದರೆ ಮಿಲಿಮೀಟರಿನ ನೂರನೇ ಮೂರು ಭಾಗದಷ್ಟಕ್ಕೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರದಿಂದ ಆಲಿವೀನ್ ಮತ್ತು ಪೈರಾಕ್ಸೀನ್ ಖನಿಜಗಳಲ್ಲಿನ ಕಬ್ಬಿಣವನ್ನು ಅಳೆದು, ಕಾಂಡ್ರೈಟ್ ಆದರೆ ಒಟ್ಟು ಕಬ್ಬಿಣ ಹೆಚ್ಚಿರುವ ಎಚ್, ಕಡಿಮೆಯಿರುವ ಎಲ್, ಇನ್ನೂ ಕಡಿಮೆಯಿರುವ ಎಲ್‌ಎಲ್ ಎಂಬ ಗುಂಪುಗಳಲ್ಲಿ ಯಾವುದೆಂದು ನಿರ್ಧರಿಸುತ್ತಾರೆ. ಸಂದಿಗ್ಧವಾದ ಅಪರೂಪದ ಶಿಲೆಗಳಿಗೆ ಆಮ್ಲಜನಕದ ಮೂರು ಐಸೋಟೋಪುಗಳ, ಅಂದರೆ ತೂಕ ಬೇರೆಯಾದ ಪರಮಾಣುಗಳ ಅನುಪಾತವನ್ನೂ ನೋಡುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ವರ್ಷವೂ.

ಬೆಂಕಿಯುಂಡೆ ಹಾದುಹೋದದ್ದನ್ನು ಜನ ಕಂಡು, ಅದರ ಬೆನ್ನಿಗೇ ಕಲ್ಲು ಸಿಕ್ಕಿದ್ದರೆ ಈ ನಿಧಾನಕ್ಕೆ ಆಸ್ಪದವಿಲ್ಲ. ಬಾಹ್ಯಾಕಾಶದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ವಿಕಿರಣಶೀಲ ಪರಮಾಣುಗಳಲ್ಲಿ ಕೆಲವುಗಳ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ದಿನಗಳಷ್ಟೇ, ಸೋಡಿಯಂ-22ರದು 2.6 ವರ್ಷ. ಅವನ್ನು ಅಳೆಯಲು ಕಲ್ಲು ಬೇಗ ಪ್ರಯೋಗಾಲಯ ಸೇರಬೇಕು. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಮನೆಯ ಮುಂದೆ ಬಿದ್ದ ಕಪ್ಪು ಪುಡಿಯನ್ನು ಆ ಮನೆಯವರು ಮಾರನೆಯ ಬೆಳಗ್ಗೆಯೇ ಎತ್ತಿ ಚೀಲಗಳಲ್ಲಿ ಹಾಕಿಟ್ಟದ್ದರಿಂದಲೇ ಮಳೆ ಸೋಕದ ಶುದ್ಧ ಇಂಗಾಲಯುಕ್ತ ಶಿಲೆ ವಿಜ್ಞಾನಿಗಳಿಗೆ ದೊರೆಯಿತು. ಇಂತಹ ಸಂದರ್ಭದಲ್ಲಿ ಬರಿಗೈಯಲ್ಲಿ ಮುಟ್ಟದೆ, ಅಂದೇ ದೂರವಾಣಿ ಮಾಡಿ. ಬೆಂಕಿಯುಂಡೆಯನ್ನು ಕಂಡ ವಿವರವನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಗೂ ತಿಳಿಸಿ.

ಕಲ್ಲನ್ನು ಒಪ್ಪಿಸುವಾಗ ಎಷ್ಟು ತೂಕ ಕೊಟ್ಟಿರಿ, ಕತ್ತರಿಸಲು ಒಪ್ಪಿಗೆಯಿದೆಯೇ, ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಜ್ರದ ಗರಗಸದ ಅಗಲದಷ್ಟು ಕಲ್ಲು ಪುಡಿಯಾಗಿ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಲ್ಕಾಶಿಲೆಯೆಂದು ಖಚಿತವಾದರೆ, ವರ್ಗೀಕರಿಸಿದ ವಿಜ್ಞಾನಿ ಅದನ್ನು ಉಲ್ಕಾಶಿಲೆ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿಗೆ ಸಲ್ಲಿಸುತ್ತಾರೆ. ಅದಕ್ಕಾಗಿ ಒಟ್ಟು ತೂಕದ ಶೇಕಡಾ 20 ಅಥವಾ 20 ಗ್ರಾಂ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾನ್ಯ ಸಂಸ್ಥೆಯೊಂದರಲ್ಲಿ ಶಾಶ್ವತವಾಗಿ ಇಡಬೇಕಾಗುತ್ತದೆ. 412 ಗ್ರಾಂ ಕಲ್ಲಿಗೆ ಅದು 20 ಗ್ರಾಂ ಮಾತ್ರ. ಸಮಿತಿ ಒಪ್ಪಿದ ಮೇಲೆ ಮೀಟಿಯೊರಿಟಿಕಲ್ ಬುಲೆಟಿನ್‌ನಲ್ಲಿ ಹೆಸರು ಪ್ರಕಟವಾಗುತ್ತದೆ. ಆ ಹೆಸರು ಸಿಕ್ಕವರದಲ್ಲ, ಕಲ್ಲು ಸಿಕ್ಕ ಜಾಗದ್ದು. ಮೊದಲ ದಿನ ನೀವು ಬರೆದುಕೊಂಡ ಅಕ್ಷಾಂಶ ರೇಖಾಂಶಗಳೇ ಅದಕ್ಕೆ ಆಧಾರ. ಹಿಂದಿರುಗಿ ಬಂದ ತುಂಡಿನ ಪೆಟ್ಟಿಗೆಯೊಳಗೆ ಆ ಹೆಸರು, ವರ್ಗ, ತೂಕ, ಸ್ಥಳ ಮತ್ತು ಪ್ರಯೋಗಾಲಯದ ಕ್ರಮಸಂಖ್ಯೆಯನ್ನು ಬರೆದ ಚೀಟಿಯನ್ನು ಇಡಿ.