ಕೂಸಿನ ಮನೆಯಲ್ಲಿ ನನ್ನ 72 ದಿನ

ನಾನು ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗುತ್ತಿದ್ದವಳು. ಮಗಳನ್ನು ಹೊಂಗೆ ಮರದ ಕೆಳಗೆ ಮಲಗಿಸಿ ಮಣ್ಣು ಹೊತ್ತಿದ್ದೇನೆ. ಕೆಲಸದ ಜಾಗಕ್ಕೆ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕು ಅಂತ ಉದ್ಯೋಗ ಖಾತ್ರಿ ಕಾನೂನಲ್ಲೇ ಇತ್ತಂತೆ. ನಮಗೆ ಯಾರೂ ಹೇಳಿರಲಿಲ್ಲ.

2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ಕೂಸಿನ ಮನೆ, ಅಂದರೆ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅಂದರು. ನಮ್ಮೂರಲ್ಲಿ ಹಳೇ ಶಾಲೆಯ ಒಂದು ಕೋಣೆಗೆ ಸುಣ್ಣ ಬಳಿದು, ಗೋಡೆಗೆ ಆನೆ, ಚಿಟ್ಟೆ ಬರೆಸಿದರು. ಜಾಬ್ ಕಾರ್ಡ್ ಇದ್ದ ನಮ್ಮಂಥ ಹೆಂಗಸರಿಗೆ ತರಬೇತಿ ಆಯಿತು. ಕೂಲಿ ಉದ್ಯೋಗ ಖಾತ್ರಿಯದೇ, 2024ರಲ್ಲಿ ದಿನಕ್ಕೆ 349 ರೂಪಾಯಿ.

ಅಂಗನವಾಡಿ ಇಲ್ವಾ ಅಂತ ನೀವು ಕೇಳಬಹುದು. ಅಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತಾರೆ. ಅವ್ವ ಕೆಲಸಕ್ಕೆ ಹೋದಾಗ ಕೂಸನ್ನು ಎತ್ತಿಕೊಳ್ಳುವವರು ಬೇಕಲ್ವಾ?

ಮೊದಲ ವಾರ ಬಂದಿದ್ದು ಎರಡೇ ಮಕ್ಕಳು. "ಕೂಸನ್ನ ಪಂಚಾಯ್ತಿಗೆ ಕೊಟ್ಟು ಬರ್ತೀಯೇನೇ?" ಅಂತ ಒಬ್ಬ ಅತ್ತೆ ಸೊಸೆಯನ್ನು ಬೀದಿಯಲ್ಲೇ ಬೈದಳು. ಹತ್ತು ತಿಂಗಳ ಒಬ್ಬ ಹುಡುಗನಂತೂ ಗಂಟಲು ಕಟ್ಟುವ ತನಕ ಅತ್ತ. ಹೊಸ ತೊಟ್ಟಿಲು, ಗಿಲಕಿ, ರಾಗಿ ಸರಿ, ಯಾವುದೂ ಬೇಡ. ಮೂರನೇ ದಿನ ಅವನ ಅವ್ವನಿಗೆ, "ಉಟ್ಟು ಬಿಟ್ಟ ಸೀರೆ ಒಂದು ತಗೊಂಡ್ ಬಾ, ಒಗೀಬೇಡ" ಅಂದೆ. ಆ ಸೀರೆಯಲ್ಲೇ ಜೋಲಿ ಕಟ್ಟಿದೆ. ಬಟ್ಟೆಗೆ ಮೂಗು ಒತ್ತಿಕೊಂಡು ಎರಡು ಗಂಟೆ ಮಲಗಿದ! ಆಮೇಲೆ ಎಲ್ಲ ತಾಯಂದಿರೂ ಒಂದೊಂದು ಸೀರೆ ತಂದಿಟ್ಟರು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಕಷ್ಟ ಶುರುವಾಗಿದ್ದು ದಿನದ ಲೆಕ್ಕದಲ್ಲಿ. ಉದ್ಯೋಗ ಖಾತ್ರಿಯಲ್ಲಿ ಆಗ ವರ್ಷಕ್ಕೆ ನೂರು ದಿನ ಕೆಲಸ ಅಂತ ಇದ್ದದ್ದು ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ನನ್ನ ಗಂಡ ಬದು ಹಾಕಲು ಹೋಗಿದ್ದ 28 ದಿನ ಕಳೆದು ನನಗೆ ಉಳಿದದ್ದು 72. ಆಮೇಲೆ ಬೇರೆಯವರ ಸರದಿ. ಕೂಸಿಗೆ ಈ ಲೆಕ್ಕ ಗೊತ್ತಾಗುತ್ತಾ? ನನ್ನ ಮುಖ ನೋಡಿ ಈಗಷ್ಟೇ ನಗಲು ಕಲಿತಿತ್ತು.

ಪಂಚಾಯ್ತಿಯ ಅಧಿಕಾರಿ ಪಿಡಿಒ ಹತ್ತಿರ ಹೋಗಿ ಕೇಳಿಕೊಂಡೆವು. ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಇಬ್ಬರನ್ನೂ ಒಟ್ಟಿಗೆ ಬದಲಾಯಿಸಬೇಡಿ, ಒಬ್ಬಳು ಹೋಗುವಾಗ ಇನ್ನೊಬ್ಬಳು ಹಳಬಳೇ ಇರಲಿ ಅಂದೆವು. ಒಪ್ಪಿದರು. ದಿನ ಜಾಸ್ತಿ ಮಾಡುವುದು ಮಾತ್ರ ಅವರ ಕೈಯಲ್ಲಿರಲಿಲ್ಲ.

ಕೊನೆಯ ದಿನ ಹೊಸಬಳಿಗೆ ಸೀರೆಗಳನ್ನು ಒಂದೊಂದಾಗಿ ತೋರಿಸಿದೆ. ಹಸಿರು ಅಂಚಿನದು ಆ ಹುಡುಗನದು, ಮರೆತೂ ಒಗೀಬೇಡ ಅಂದೆ.