ದೊಡ್ಡ ಟೆಕ್ ಕಂಪನಿ ಇಂಟರ್‌ವ್ಯೂ: ಸುಮ್ನ ಕುಂತು ಕೋಡ್ ಬರಿಬ್ಯಾಡ್ರಿ

ಬಾಗಲಕೋಟಿ, ವಿಜಯಪುರ, ಬೆಳಗಾವಿ ಕಡೆ ಇಂಜಿನಿಯರಿಂಗ್ ಹುಡುಗ್ರು ಗೂಗಲ್, ಅಮೆಜಾನ್ ಅಂದಕೂಡ್ಲೆ ಮೊದ್ಲ ಕೇಳೋದು "ಎಷ್ಟು ಲೀಟ್‌ಕೋಡ್ ಮಾಡ್ಬೇಕ್ರೀ" ಅಂತ. ಲೀಟ್‌ಕೋಡ್ ಅಂದ್ರ ಕೋಡಿಂಗ್ ಪ್ರಾಬ್ಲಮ್ ಬಿಡಿಸಿ ರೂಢಿ ಮಾಡ್ಕೊಳ್ಳೋ ವೆಬ್‌ಸೈಟ್. ಮಾಡ್ರಿ, ಯಾರ್ ಬ್ಯಾಡ ಅಂತಾರ, ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಟ್ರೀ, ಗ್ರಾಫ್, ಈ ಡೇಟಾ ಇಡೋ ರೀತಿ ಎಲ್ಲಾ ಕೈಗೆ ಹತ್ತೂತನಾ ಮಾಡ್ರಿ, ಮೀಡಿಯಮ್ ಲೆವೆಲ್ ಸರಳ ಬಂದ್ರ ಹಾರ್ಡ್ ಸಲುವಾಗಿ ನಿದ್ದಿ ಕೆಡ್ಸೋದು ಬೇಕಾಗಿಲ್ಲ. ಆದ್ರ ನಮ್ಮ ಮಂದಿ ಸಿಗಬೀಳೋದು ಬ್ಯಾರೆ ಕಡೆ. ವಿಟಿಯು ಪರೀಕ್ಷಾ ಹಾಲ್‌ನ್ಯಾಗ ಕುಂತಂಗ ತಲಿ ಬಗ್ಗಿಸಿ ಸುಮ್ನ ಬರಿತಾರ.

ಗೂಗಲ್‌ನ್ಯಾಗ ನಿಮ್ಮನ್ನ ಮಾತಾಡ್ಸಿದಂವ ಒಬ್ನ ತೀರ್ಮಾನ ಮಾಡಂಗಿಲ್ಲ, ಅಂವ ಫೀಡ್‌ಬ್ಯಾಕ್ ಬರದು ಕೊಡ್ತಾನ, ನಿಮ್ಮ ಮುಖಾನೂ ನೋಡದ ಹೈರಿಂಗ್ ಕಮಿಟಿ ಅದನ್ನ ಓದ್ತೈತಿ. ಮನಸ್ನ್ಯಾಗ ಎಂಥಾ ಶಾಣ್ಯಾ ವಿಚಾರ ಮಾಡಿದ್ರೂ ಬಾಯಿಗೆ ಬರ್ಲಿಲ್ಲಂದ್ರ ಅಂವ ಏನ್ ಬರಿಬೇಕು?

ಒಂದು ಅರೇ, ಅಂದ್ರ ನಂಬರ್‌ಗಳ ಸಾಲು ಕೊಟ್ಟು, ಎರಡು ನಂಬರ್ ಕೂಡಿದ್ರ 9 ಆಗ್ಬೇಕು, ಯಾವ್ಯಾವು ಹೇಳು ಅಂದ್ರು ಅನ್ಕೋರಿ. ಲಗೂನ ಕೀಬೋರ್ಡ್ ಮುಟ್ಟಬ್ಯಾಡ್ರಿ. ಮೈನಸ್ ನಂಬರ್ ಇರ್ತಾವೇನು, ಒಂದ ನಂಬರ್ ಎರಡ ಸಲ ಬರಬಹುದೇನು, ಜೋಡಿ ಸಿಗ್ಲಿಲ್ಲಂದ್ರ ಏನ್ ಕೊಡ್ಲಿ, ಇಷ್ಟು ಕೇಳ್ರಿ. ಆಮ್ಯಾಲೆ, ಎಲ್ಲಾ ಜೋಡಿ ತಗದು ನೋಡಿದ್ರ ಉತ್ರ ಸಿಗ್ತೈತಿ ಆದ್ರ ಟೈಮ್ ಎನ್ ಸ್ಕ್ವೇರ್ ಆಗ್ತೈತಿ (ನಂಬರ್ ಎರಡು ಪಟ್ಟಾದ್ರ ಟೈಮ್ ನಾಲ್ಕು ಪಟ್ಟು) ಅಂತ ಬಾಯಿ ಬಿಟ್ಟು ಹೇಳ್ರಿ. ನೋಡಿದ ನಂಬರ್ ಹುಡುಕಿದ ಕೂಡ್ಲೆ ಸಿಗೋ ಹ್ಯಾಶ್ ಮ್ಯಾಪ್‌ನ್ಯಾಗ ಇಟ್ಕೋತ ಹೋದ್ರ, 7 ಬಂದಾಗ 2 ಮೊದ್ಲ ಬಂದಿತ್ತೇನು ಅಂತ ನೋಡಿದ್ರ ಮುಗೀತು, ಒಂದ ಸುತ್ತಿನ ಕೆಲಸ, ಅದರ ಬದ್ಲಿ ಮೆಮೊರಿ ಜಾಸ್ತಿ ಬೇಕು, ಅದನ್ನೂ ಹೇಳ್ರಿ. ಭಾಳ ಸಲ ರನ್ ಬಟನ್ ಇರಂಗಿಲ್ಲ, ಅದಕ್ಕ ಕೋಡ್ ಆದ ಮ್ಯಾಲೆ 2, 7, 11 ಹಾಕಿ ಒಂದೊಂದ ಲೈನ್ ಏನಾಗ್ತೈತಿ ಅಂತ ನೀವ ಓಡ್ಸಿ ತೋರ್ಸ್ರಿ. ಒಂದು ರೌಂಡ್ ಸಾಧಾರಣ 45 ನಿಮಿಷ. ನಡುವ ಅಂವ ಹಿಂಟ್ ಕೊಟ್ರ ತಗೋರಿ, ನಂದ ಖರೆ ಅಂತ ಜಗ್ಗಾಡಬ್ಯಾಡ್ರಿ.

ಇಂಗ್ಲಿಷ್ ಬಗ್ಗೆ ಅಂಜಿಕಿ ಇದ್ದದ್ದ. ಸಣ್ಣ ಸಣ್ಣ ವಾಕ್ಯ ಸಾಕು, ಅಮೆರಿಕಾ ಸ್ಟೈಲ್ ಯಾರೂ ಕೇಳಂಗಿಲ್ಲ. ರೂಮ್‌ಮೇಟ್‌ನ ಮುಂದ ಕುಂದ್ರಿಸ್ಕೊಂಡು ದಿನಾ ಒಂದು ಪ್ರಾಬ್ಲಮ್ ಜೋರಾಗಿ ಮಾತಾಡ್ಕೋತ ಬಿಡಿಸ್ರಿ, ಅಂವ ನಗ್ಲಿ ಬಿಡ್ರಿ.

ಅಮೆಜಾನ್‌ನ್ಯಾಗ 16 ಲೀಡರ್‌ಶಿಪ್ ಪ್ರಿನ್ಸಿಪಲ್ಸ್ (ಹೆಂಗ ಕೆಲಸ ಮಾಡ್ಬೇಕು ಅನ್ನೋ ತತ್ವ) ಅದಾವು, ಪ್ರತಿ ರೌಂಡ್‌ನ್ಯಾಗೂ ಅದರ ಮ್ಯಾಲೆ ಪ್ರಶ್ನೆ ಬರೋದು ಗ್ಯಾರಂಟಿ ಅಂತನ ಹೋಗ್ರಿ, ಬ್ಯಾರೆ ಟೀಮಿನಿಂದ ಬಂದ ಬಾರ್ ರೈಸರ್ ಅನ್ನಾಂವ ಒಬ್ಬ ಇರ್ತಾನ, ಅಂವ ಬಿಗಿ. ಇಲ್ಲಿ ನಮ್ಮ ಮಂದಿ ಮರ್ಯಾದಿಲೆ "ನಾವು ಮಾಡಿದ್ವಿ, ನಾವು ಮಾಡಿದ್ವಿ" ಅಂತಾರ. ಫೈನಲ್ ಇಯರ್ ಪ್ರಾಜೆಕ್ಟ್ ನಾಲ್ಕು ಮಂದಿ ಸೇರಿ ಮಾಡಿದ್ದ ಖರೆ, ಆದ್ರ ಡೇಟಾಬೇಸ್ ಯಾರ್ ಕಟ್ಟಿದ್ರು, ಡೆಮೋ ಹಿಂದಿನ ದಿನ ಕೆಟ್ಟಾಗ ಯಾರ್ ರಿಪೇರಿ ಮಾಡಿದ್ರು? ನೀವಾಗಿದ್ರ "ನಾನು" ಅನ್ರಿ, ಅದು ಸೊಕ್ಕಲ್ಲ.

ಊರಾಗಿಂದ ಆನ್‌ಲೈನ್ ಇಂಟರ್‌ವ್ಯೂ ಕೊಡೋರು ಲ್ಯಾಪ್‌ಟಾಪ್ ಫುಲ್ ಚಾರ್ಜ್, ಬ್ಯಾರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್, ರಿಕ್ರೂಟರ್ ನಂಬರ್, ಇಷ್ಟು ಕೈಯಾಗ ಇಟ್ಕೋರಿ. ಕರೆಂಟ್ ಹ್ವಾದ್ರ ತಕ್ಷಣ ಮೆಸೇಜ್ ಮಾಡ್ರಿ.

ಕಂಪನ್ಯಾಗ ಇದ್ದವ್ರಿಗೆ ರೆಫರಲ್ (ಶಿಫಾರಸು) ಕೇಳುವಾಗ "ಸರ್ ಪ್ಲೀಸ್ ರೆಫರ್" ಅಂತ ಬರಿ ಅಷ್ಟ ಕಳ್ಸಬ್ಯಾಡ್ರಿ, ಜಾಬ್ ಐಡಿ, ಒಂದು ಪೇಜಿನ ರೆಸ್ಯೂಮೆ ಜೋಡ್ಸಿ ಕಳ್ಸ್ರಿ.

ಸೇರಿದ ಮ್ಯಾಲೂ ಅದ ಬಾಯಿ ಬೇಕು. ಕೋಡ್ ರಿವ್ಯೂನ್ಯಾಗ, ಅಂದ್ರ ನಿಮ್ಮ ಕೋಡ್ ಜೊತಿಯವ್ರು ಓದಿ ನೋಡುವಾಗ, ಕಮೆಂಟ್ ಸಾಲ್ ಹಿಡಿದು ಬರ್ತಾವು, ಬೈದಂಗ ತಿಳ್ಕೋಬ್ಯಾಡ್ರಿ. ಅರ್ಧ ತಾಸು ಸಿಕ್ಕೊಂಡ್ರ ಏನೇನ್ ಮಾಡಿ ನೋಡಿದ್ರಿ ಅಂತ ಬರದು ಕೇಳ್ರಿ, ಎರಡು ದಿನ ಮುಚ್ಚಿಟ್ಟು ಕುಂದ್ರೋದು ಮ್ಯಾನೇಜರ್‌ಗೆ ಕೆಟ್ಟ ಕಾಣ್ತೈತಿ. ಮ್ಯಾನೇಜರ್‌ಗೂ ಹೆಸ್ರು ಹಿಡಿದ ಕರಿಬೇಕು, ಮೊದ್ಲ ನಾಲಿಗಿ ತಿರುಗಂಗಿಲ್ಲ, ರೂಢಿ ಆಗ್ತೈತಿ.

ಆಫರ್ ಬಂದ್ರ ಸಿಟಿಸಿ (ಕಂಪನಿ ನಿಮ್ಮ ಮ್ಯಾಲೆ ವರ್ಷಕ್ಕ ಮಾಡೋ ಒಟ್ಟು ಖರ್ಚು) ದೊಡ್ಡ ನಂಬರ್ ನೋಡಿ ಮನ್ಯಾಗ ಹೇಳಬ್ಯಾಡ್ರಿ. ಅದರಾಗ ಸೇರಿದ ಸ್ಟಾಕ್ (ಕಂಪನಿ ಶೇರು) ಸಾಮಾನ್ಯವಾಗಿ 4 ವರ್ಷದಾಗ ಹಂತ ಹಂತವಾಗಿ ಬರ್ತೈತಿ, ಕೈಗೆ ಬಂದಾಗ ಸಂಬಳದಂಗ ಟ್ಯಾಕ್ಸ್ ಬೀಳ್ತೈತಿ, ಜಾಯ್ನಿಂಗ್ ಬೋನಸ್ ಬ್ಯಾಗನ ಬಿಟ್ರ ತಿರುಗಿ ಕೊಡ್ಬೇಕು ಅಂತ ಭಾಳ ಲೆಟರ್‌ನ್ಯಾಗ ಬರದಿರ್ತಾರ. ಬೇಸಿಕ್ ಎಷ್ಟು, ತಿಂಗಳಾ ಅಕೌಂಟಿಗೆ ಎಷ್ಟು ಬೀಳ್ತೈತಿ, ಅದನ್ನ ರಿಕ್ರೂಟರ್‌ಗೆ ಕೇಳಿ ಬರ್ಸ್ಕೊಂಡ ಮ್ಯಾಲೆ ಸಹಿ ಮಾಡ್ರಿ.